ಒಂದಚ್ಚಿನ ಸಣ್ಣ ಟ್ರೇಲರ್: ಮಳೆಗೆ ಕೊಚ್ಚಿಹೋದ ಕಾಡುದಾರಿಗೆ ಎಷ್ಟು ಒಗ್ಗುತ್ತದೆ?

ಹುಬ್ಬಳ್ಳಿಯ ಫ್ಯಾಬ್ರಿಕೇಶನ್ ಶಾಪುಗಳಿಗೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದು ಹಳೆಯ ಕಸಬು. ಅದೇ ಕೈಗಳು ಬೊಲೆರೊ, ಥಾರ್, ಗೂರ್ಖಾದಂಥ ಗಾಡಿಗಳ ಹಿಂದೆ ಹೂಡುವ ಸಣ್ಣ ಟ್ರೇಲರನ್ನೂ ಹೇಳಿದ ಅಳತೆಗೆ ಮಾಡಿಕೊಡುತ್ತವೆ. ಅಂಥದ್ದೊಂದರ ವಿಮರ್ಶೆ ಇದು. ಹೂಡಿದ್ದು ಫೋರ್ ವೀಲ್ ಡ್ರೈವ್ ಇರುವ ಬೊಲೆರೊ ಕ್ಯಾಂಪರ್‌ಗೆ. ಕೆಲಸ ಸಸಿ, ನೀರಿನ ಟ್ಯಾಂಕು, ಜೇನುಪೆಟ್ಟಿಗೆ, ಬೇಲಿ ಕಂಬ ಹೊರುವುದು. ದಾರಿ ಮೂರು ಬಗೆಯವು: ಮುಂಡರಗಿ-ಶಿರಹಟ್ಟಿ ಕಡೆ ಗುಡ್ಡದ ಗರಸಿನ ದಾರಿ, ಕಲಘಟಗಿ ಮತ್ತು ಹಾನಗಲ್ ಕಡೆ ಕಾಡಂಚಿನ ಕೆಮ್ಮಣ್ಣಿನ ದಾರಿ, ನಡುವೆ ಎದುರಾಗುವ ಎರೆ ಹೊಲದ ಬಂಡಿದಾರಿ.

ಮೊದಲೇ ತೀರ್ಪು ಹೇಳಿಬಿಡುವುದು ಒಳ್ಳೆಯದು. ಚೌಕಟ್ಟು ಗಟ್ಟಿ, ಅಚ್ಚು ಗಟ್ಟಿ, ಜಾಡು ಸರಿಯಾಗಿ ಕೂತಿದೆ. ಆದರೆ ಶಾಪಿನವರು ಕೊಟ್ಟ ಹಾಗೇ ತೆಗೆದುಕೊಂಡು ಕೊರಕಲು ದಾರಿಗೆ ಇಳಿಸಿದರೆ ಮೂಕಿಯ (ಗಾಡಿಯ ಕೊಂಡಿಯತ್ತ ಚಾಚಿದ ಕಂಬದ) ಬುಡ ಬಿರುಕು ಬಿಡುತ್ತದೆ, ಹಬ್ಬಿಗೆ, ಅಂದರೆ ಗಾಲಿಯ ನಡುವೆ ಬೇರಿಂಗ್ ಕೂರುವ ಗೂಡಿಗೆ ನೀರು ಹೋಗುತ್ತದೆ. ಎರಡಕ್ಕೂ ಮದ್ದಿದೆ, ಕಟ್ಟಿಸುವಾಗಲೇ ಹೇಳಬೇಕು.

ಅಳತೆ ಹೀಗಿದೆ. ಹಾಸು 6 ಅಡಿ ಉದ್ದ, 4 ಅಡಿ ಅಗಲ, ಪಕ್ಕದ ತಗಡು ಒಂದೂವರೆ ಅಡಿ ಎತ್ತರ. ಅಡಿಯ ಚೌಕಟ್ಟಿಗೆ 75 ಬೈ 40 ಮಿ.ಮೀ. ಚಾನೆಲ್, ನೆಲಕ್ಕೆ 3 ಮಿ.ಮೀ. ಚೆಕರ್ಡ್ ಪ್ಲೇಟು, ಪಕ್ಕಕ್ಕೆ 16 ಗೇಜಿನ ತಗಡು. ಅಚ್ಚು 50 ಮಿ.ಮೀ. ಚೌಕ ಸರಳಿನದು. ಖಾಲಿ ತೂಕ 290 ಕೆ.ಜಿ. ಹೇರು 400 ಕೆ.ಜಿ. ಮೀರದಂತೆ ಇಟ್ಟುಕೊಂಡರೆ ಒಟ್ಟು 690. ಬ್ರೇಕ್ ಇಲ್ಲದ ಟ್ರೇಲರ್‌ಗೆ ಗುಡ್ಡದ ದಾರಿಯಲ್ಲಿ ಇದಕ್ಕಿಂತ ಹೆಚ್ಚು ಹೇರಬಾರದು. ‘ಒಂದು ಟನ್ ತಡೀತದ್ರಿ’ ಎಂದು ಶಾಪಿನಲ್ಲಿ ಹೇಳುತ್ತಾರೆ. ಅಚ್ಚು ತಡೆಯುತ್ತದೆ, ನಿಜ. ಇಳಿಜಾರಿನಲ್ಲಿ ಆ ತೂಕವನ್ನು ತಡೆದು ನಿಲ್ಲಿಸಬೇಕಾದದ್ದು ಮುಂದಿನ ಗಾಡಿಯ ನಾಲ್ಕು ಗಾಲಿ.

ದರ ಕೇಳುವಾಗ ಕಬ್ಬಿಣದ ತೂಕ ಬೇರೆ, ಮಜೂರಿ ಬೇರೆ, ಅಚ್ಚು-ಹಬ್ಬು-ಪಾಟಾ (ಎಲೆ ಸ್ಪ್ರಿಂಗು) ಬೇರೆ ಬರೆಸಿಕೊಳ್ಳಿ. 75ರ ಚಾನೆಲ್ ಮೀಟರಿಗೆ ಸುಮಾರು 7 ಕೆ.ಜಿ. ತೂಗುತ್ತದೆ. ಮೀಟರ್ ಎಣಿಸಿ ಗುಣಿಸಿದರೆ ಲೆಕ್ಕ ಅಲ್ಲೇ ಗೊತ್ತಾಗುತ್ತದೆ.

ಇನ್ನು ಜಾಡಿನ ವಿಷಯ. ಈ ಟ್ರೇಲರಿನಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದದ್ದು ಇದೇ. ಚಕ್ಕಡಿ ಓಡಿದ ದಾರಿ ನೋಡಿದವರಿಗೆ ಹೇಳಬೇಕಾಗಿಲ್ಲ: ಎರಡು ಗಾಲಿ ಜಾಡಿನಲ್ಲಿ ಬಿದ್ದರೆ ಬಂಡಿ ತಾನಾಗಿ ಸಾಗುತ್ತದೆ, ಒಂದು ಒಳಗೆ ಒಂದು ಹೊರಗೆ ಆದರೆ ಎತ್ತಿನ ಹೆಗಲು ಕಿತ್ತುಬರುತ್ತದೆ. ಟ್ರೇಲರ್‌ಗೂ ಅದೇ ನ್ಯಾಯ. ಮುಂದಿನ ಗಾಡಿಯ ಹಿಂಗಾಲಿಗಳ ಅಗಲ, ಟ್ರೇಲರ್ ಗಾಲಿಗಳ ಅಗಲ ಒಂದೇ ಇರಬೇಕು. ಆಗ ಬೊಲೆರೊ ತುಳಿದು ಗಟ್ಟಿ ಮಾಡಿದ ನೆಲದ ಮೇಲೇ ಟ್ರೇಲರ್ ಬರುತ್ತದೆ. ಅಗಲ ಕಡಿಮೆಯಾದರೆ ಅದರ ಗಾಲಿ ಕೊರಕಲಿನ ಅಂಚನ್ನು ಕೆರೆಯುತ್ತ, ಒಂದು ಮಗ್ಗುಲಿಗೆ ವಾಲಿಕೊಂಡೇ ಬರುತ್ತದೆ, ಎಳೆಯುವ ಗಾಡಿಯ ಹಿಂಭಾಗವನ್ನೂ ತನ್ನ ಕಡೆಗೆ ಜಗ್ಗುತ್ತದೆ.

ಅಳೆಯುವ ರೀತಿ ಸುಲಭ. ಗಾಡಿಯ ಹಿಂದೆ ನಿಂತು ಎಡಗಾಲಿ ಟೈರಿನ ಹೊರ ಅಂಚಿನಿಂದ ಬಲಗಾಲಿ ಟೈರಿನ ಒಳ ಅಂಚಿನವರೆಗೆ ಟೇಪು ಹಿಡಿಯಿರಿ. ಟೈರುಗಳ ನಡುಮಧ್ಯದ ಅಂತರವೂ ಇಷ್ಟೇ ಇರುತ್ತದೆ. ಇದನ್ನು ಶಾಪಿಗೆ ಬರೆದುಕೊಡಿ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ನಡೆಯುತ್ತದೆ, ಹತ್ತು ನಡೆಯುವುದಿಲ್ಲ. ಗಾಲಿಯೂ ಅದೇ ಅಳತೆಯದು ಇರಲಿ. ಬೊಲೆರೊಗೆ ಇರುವ ಅಳತೆಯದೇ ಟೈರು, ಅದೇ ಡಿಸ್ಕು, ಅದೇ ಬೋಲ್ಟು ಅಂತರ ಟ್ರೇಲರ್‌ಗೂ ಹಾಕಿಸಿದರೆ ಒಂದೇ ಸ್ಟೆಪ್ನಿ ಆರೂ ಗಾಲಿಗೆ ಆಗುತ್ತದೆ, ಒಂದೇ ಪಾನಾ ಸಾಕು. ಕಪ್ಪತಗುಡ್ಡದ ಸೆರಗಿನಲ್ಲಿ ಟೈರು ಹರಿದಾಗ ಇದರ ಬೆಲೆ ತಿಳಿಯುತ್ತದೆ. ಅಲ್ಲಿನ ಸೀಳುಕಲ್ಲು ಟೈರಿನ ಮಗ್ಗುಲನ್ನೇ ಕೊಯ್ಯುತ್ತದೆ, ಮಗ್ಗುಲು ಕೊಯ್ದ ಟೈರಿಗೆ ಪಂಚರ್ ಪ್ಯಾಚು ನಿಲ್ಲುವುದಿಲ್ಲ.

ಈಗ ದೋಷಕ್ಕೆ ಬರೋಣ. ಶಾಪು ಕೊಟ್ಟದ್ದು ಟ್ರ್ಯಾಕ್ಟರ್ ಮಾದರಿಯ ಕೊಂಡಿ: ಗಾಡಿಯ ಹಿಂದೆ ಎರಡು ದವಡೆ, ನಡುವೆ ಟ್ರೇಲರಿನ ಕಣ್ಣು (ಮೂಕಿಯ ತುದಿಯ ಬಳೆ), ಮೇಲಿಂದ ಇಳಿಯುವ ಪಿನ್ನು. ಟ್ರ್ಯಾಕ್ಟರಿಗೆ ಇದು ಸಾಕು. ಕೊರಕಲು ದಾರಿಯಲ್ಲಿ ಬೊಲೆರೊದ ಎಡಗಾಲಿ ಗುಂಡಿಯಲ್ಲಿರುವಾಗ ಟ್ರೇಲರಿನ ಬಲಗಾಲಿ ಗುಂಡಿಯಲ್ಲಿರುತ್ತದೆ, ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ. ಬೆಸುಗೆ ಹಾಕಿ ಕೂರಿಸಿದ ಕಣ್ಣು ತಿರುಗಲಾರದು. ದವಡೆಯ ನಡುವೆ ಕಚ್ಚಿಕೊಂಡು ಆ ತಿರುಚನ್ನೆಲ್ಲ ಮೂಕಿಗೆ ದಾಟಿಸುತ್ತದೆ, ಮೂಕಿ ಅದನ್ನು ಚೌಕಟ್ಟಿನ ಮೊದಲ ಅಡ್ಡಪಟ್ಟಿಗೆ ಕೂಡಿಸಿದ ಜಾಗಕ್ಕೆ ದಾಟಿಸುತ್ತದೆ. ಬಿರುಕು ಹುಟ್ಟುವುದು ಅಲ್ಲೇ.

ಆ ಬಿರುಕು ಹೇಗಿರುತ್ತದೆ ಎಂದು ತಿಳಿದಿರಬೇಕು. ಮೊದಲು ಕಬ್ಬಿಣ ಸೀಳಿದ್ದು ಕಣ್ಣಿಗೆ ಬೀಳುವುದಿಲ್ಲ. ಬೆಸುಗೆಯ ಅಂಚಿಗೆ ತಾಗಿ ಪೇಂಟು ಕೂದಲೆಳೆಯಷ್ಟು ಸೀಳಿರುತ್ತದೆ, ಒಂದು ಮಳೆ ಬಿದ್ದ ಮೇಲೆ ಆ ಗೆರೆಯಿಂದ ಕಂದು ನೀರು ಇಳಿದ ಕಲೆ ಕಾಣುತ್ತದೆ. ಬಟ್ಟೆಯಿಂದ ಒರೆಸಿ, ಉಗುರಿನಿಂದ ಅಡ್ಡ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ ಅದು ಬರೀ ಪೇಂಟಿನ ಸೀಳಲ್ಲ. ಅಂಥದ್ದು ಕಂಡ ಮೇಲೆ ಹೇರು ಹಾಕಿ ಓಡಿಸಬೇಡಿ. ಬಿರುಕಿನ ಮೇಲೆ ಇನ್ನೊಂದು ಬೆಸುಗೆ ಎಳೆದು ಕಳಿಸುವುದು ಗ್ಯಾರೇಜುಗಳ ರೂಢಿ, ಅದು ಮತ್ತೆ ಪಕ್ಕದಲ್ಲೇ ಬಿಡುತ್ತದೆ. ಸರಿಯಾದ ಕ್ರಮವೆಂದರೆ ಬಿರುಕಿನ ತುದಿಯಲ್ಲಿ 5-6 ಮಿ.ಮೀ. ತೂತು ಕೊರೆದು ಅದು ಮುಂದುವರಿಯದಂತೆ ತಡೆಯುವುದು, ಬಿರುಕನ್ನು ಗ್ರೈಂಡರಿನಿಂದ ಪೂರ್ತಿ ಕೆರೆದು ತುಂಬುವುದು, ಮೇಲೆ 6 ಮಿ.ಮೀ. ದಪ್ಪದ ಪ್ಲೇಟನ್ನು ಮೀನಿನ ಆಕಾರಕ್ಕೆ, ಅಂದರೆ ಎರಡೂ ತುದಿ ಚೂಪಾಗುವಂತೆ ಕತ್ತರಿಸಿ ಕೂರಿಸುವುದು. ಬೆಸುಗೆ ಚಾನೆಲಿನ ಉದ್ದಕ್ಕೆ ಓಡಬೇಕು. ಚಾನೆಲಿನ ಮೇಲಿನ ಕೆಳಗಿನ ಅಂಚುಗಳ ಮೇಲೆ ಅಡ್ಡ ಬೆಸುಗೆ ಹಾಕಿದರೆ ಮುಂದಿನ ಬಿರುಕಿಗೆ ಗೆರೆ ಹಾಕಿಕೊಟ್ಟಂತೆ. 7018 ನಂಬರಿನ ಬೆಸುಗೆ ರಾಡು ಬಳಸಲು ಹೇಳಿ, ಅದು ಒಣಗಿರಬೇಕು. ಮಳೆಗಾಲದಲ್ಲಿ ಬಿಚ್ಚಿಟ್ಟ ಪ್ಯಾಕಿನ ರಾಡು ತೇವ ಹೀರಿರುತ್ತದೆ, ಆ ತೇವದಿಂದ ಬೆಸುಗೆ ಒಳಗೇ ಸೊರಗುತ್ತದೆ.

ಇದೆಲ್ಲ ಬಾರದಂತೆ ಮಾಡುವ ದಾರಿ ತಿರುಗುವ ಕಣ್ಣು. ಕಣ್ಣಿನ ಹಿಂದೆ ದಂಡ, ದಂಡಕ್ಕೆ ಕೊಳವೆ, ತುದಿಯಲ್ಲಿ ವಾಷರ್, ನಟ್ಟು, ಸ್ಪ್ಲಿಟ್ ಪಿನ್ನು, ಕೊಳವೆಗೆ ಒಂದು ಗ್ರೀಸ್ ನಿಪ್ಪಲ್. ಟ್ರೇಲರ್ ಹೇಗೆ ವಾಲಿದರೂ ಕಣ್ಣು ತಿರುಗಿ ಕೊಡುತ್ತದೆ, ಮೂಕಿಗೆ ತಿರುಚು ಹೋಗುವುದಿಲ್ಲ. ಟರ್ನರ್ ಹತ್ತಿರ ಅರ್ಧ ದಿನದ ಕೆಲಸ. ಕಾರಿನ 50 ಮಿ.ಮೀ. ಗುಂಡಿನ ಕೊಂಡಿ ಡಾಂಬರು ರಸ್ತೆಗೆ ಸದ್ದಿಲ್ಲದ ಒಳ್ಳೆಯ ಕೊಂಡಿಯೇ, ಆದರೆ ಆಳದ ಕೊರಕಲಿನಲ್ಲಿ ಅದು ವಾಲಬಲ್ಲ ಮಿತಿ ಬೇಗ ಮುಗಿಯುತ್ತದೆ. ಯಾವ ಕೊಂಡಿಯಾದರೂ ಎರಡು ಸರಪಳಿ ಇರಲೇಬೇಕು, ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕಟ್ಟಬೇಕು. ಪಿನ್ನು ಕಳಚಿದರೆ ಮೂಕಿ ನೆಲಕ್ಕೆ ಚುಚ್ಚದೆ ಆ ಸರಪಳಿ ಜೋಲಿಯಲ್ಲಿ ಬಿದ್ದುಕೊಳ್ಳುತ್ತದೆ.

ಹೇರುವ ವಿಷಯದಲ್ಲಿ ನಮ್ಮ ಕಡೆ ಹಳೆಯ ಮಾತುಗಳಿವೆ: ಮುಂಭಾರ, ಹಿಂಭಾರ. ಬಂಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೇಲರ್ ಹಿಂಭಾರವಾದರೆ ರಸ್ತೆಯಲ್ಲಿ ಬಾಲ ಬೀಸುತ್ತದೆ, ಏರಿನಲ್ಲಿ ಬೊಲೆರೊದ ಹಿಂಗಾಲಿಗಳನ್ನು ಎತ್ತಿ ಹಿಡಿತ ಕಳೆಯುತ್ತದೆ. ಒಟ್ಟು ತೂಕದ ಹತ್ತರಲ್ಲೊಂದು ಭಾಗ ಕೊಂಡಿಯ ಮೇಲಿರಬೇಕು, 690ಕ್ಕೆ ಸುಮಾರು 70 ಕೆ.ಜಿ. ಅಳೆಯಲು ಬ್ಯಾಡಗಿ ಮೆಣಸಿನಕಾಯಿ ಚೀಲ ತೂಗುವಂಥ ತೂಕದ ಯಂತ್ರ ಸಾಕು: ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೊಂಡಿಯ ಎತ್ತರಕ್ಕೆ ಸರಿಯಾಗಿ ಯಂತ್ರದ ಮೇಲೆ ಮರದ ತುಂಡು ಪೇರಿಸಿ, ಅದರ ಮೇಲೆ ಕಣ್ಣು ಇಳಿಸಿ.

ನೀರಿನ ಟ್ಯಾಂಕು ಇಡುವಲ್ಲಿ ಹಲವರು ತಪ್ಪುತ್ತಾರೆ. ಈ ಟ್ರೇಲರಿನಲ್ಲಿ ಅಚ್ಚಿನಿಂದ ಕೊಂಡಿಗೆ 2.3 ಮೀಟರ್. 100 ಲೀಟರಿನ ಟ್ಯಾಂಕನ್ನು ಅಚ್ಚಿಗಿಂತ 60 ಸೆಂ.ಮೀ. ಮುಂದಿಟ್ಟರೆ ಅದೊಂದೇ ಕೊಂಡಿಯ ಮೇಲೆ 26 ಕೆ.ಜಿ. ಹಾಕುತ್ತದೆ. ಸಸಿಗೆ ನೀರು ಹನಿಸಿ ಟ್ಯಾಂಕು ಖಾಲಿಯಾದ ಮೇಲೆ ಆ 26 ಇಲ್ಲ, 70 ಇದ್ದದ್ದು 44ಕ್ಕೆ ಇಳಿಯುತ್ತದೆ, ವಾಪಸು ಬರುವಾಗ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಟ್ಯಾಂಕು ಸರಿಯಾಗಿ ಅಚ್ಚಿನ ಮೇಲೇ ಕೂರಲಿ. ತುಂಬಿದರೂ ಖಾಲಿಯಾದರೂ ಮೂಕಿಯ ಭಾರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅರ್ಧ ತುಂಬಿದ ಟ್ಯಾಂಕು ಅಡ್ಡ ಇಳಿಜಾರಿನಲ್ಲಿ ತೀರಾ ಕೆಟ್ಟದ್ದು, ನೀರು ತಗ್ಗಿನ ಕಡೆಗೆ ಓಡಿ ಟ್ರೇಲರನ್ನು ಅತ್ತಲೇ ಒತ್ತುತ್ತದೆ. ಒಂದು ದೊಡ್ಡ ಟ್ಯಾಂಕಿನ ಬದಲು 20 ಲೀಟರಿನ ಐದು ಕ್ಯಾನು ಒಳ್ಳೆಯದು.

ಪಾಟಾ ಏಳು ಎಲೆಯದು ಕೊಟ್ಟಿದ್ದಾರೆ. 400 ಕೆ.ಜಿ.ಗೆ ಇದು ಬಿಗಿ. ಖಾಲಿ ಓಡುವಾಗ ಟ್ರೇಲರ್ ನೆಲದ ಮೇಲಿರುವುದಕ್ಕಿಂತ ಗಾಳಿಯಲ್ಲಿರುವುದೇ ಹೆಚ್ಚು, ಜೇನುಪೆಟ್ಟಿಗೆಯಂಥ ನಾಜೂಕಿನ ಹೇರಿಗೆ ಆ ಕುಕ್ಕು ತಡೆಯುವುದಿಲ್ಲ. ಎರಡು ಎಲೆ ತೆಗೆಸಿ ಐದು ಮಾಡಿಸಿದರೆ ಸರಿಹೋಗುತ್ತದೆ, ಎರಡು ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಇನ್ನೂ ಒಳ್ಳೆಯದು. ಎಲೆ ತೆಗೆದ ಮೇಲೆ ಯು-ಬೋಲ್ಟುಗಳನ್ನು ಹೊಸದಾಗಿ ಬಿಗಿಯಬೇಕು, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಸಡಿಲ ಯು-ಬೋಲ್ಟಿನಲ್ಲಿ ಪಾಟಾದ ನಡುವಿನ ಬೋಲ್ಟು ತುಂಡಾಗಿ ಅಚ್ಚು ಹಿಂದೆ ಸರಿಯುತ್ತದೆ, ಟ್ರೇಲರ್ ಏಡಿಯ ಹಾಗೆ ಓರೆಯಾಗಿ ಬರುವುದು ಕಂಡರೆ ಕಾರಣ ಇದೇ.

ಹಬ್ಬಿನ ಮಾತು ಹೆಚ್ಚು ಹೇಳಬೇಕು. ಮಳೆಗಾಲದಲ್ಲಿ ಹಳ್ಳ ದಾಟದೆ ಈ ಕಡೆ ಕಾಡುದಾರಿಯೇ ಇಲ್ಲ. ಹತ್ತಾರು ಕಿಲೋಮೀಟರ್ ಓಡಿದ ಹಬ್ಬು ಬಿಸಿಯಾಗಿರುತ್ತದೆ. ಒಮ್ಮೆಲೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಆಯಿಲ್ ಸೀಲಿನ ತುಟಿಯಿಂದ ನೀರನ್ನು ಒಳಗೆ ಜಗ್ಗಿಕೊಳ್ಳುತ್ತದೆ. ಹಾಗಾಗಿ ದಡದಲ್ಲಿ ಹತ್ತು-ಹದಿನೈದು ನಿಮಿಷ ನಿಲ್ಲಿಸಿ, ಹಬ್ಬಿನ ಮೇಲೆ ಕೈಯಿಡಿ, ಕೈ ನಿಂತರೆ ಇಳಿಸಿ. ಆ ಹೊತ್ತಿನಲ್ಲಿ ಹಳ್ಳದೊಳಗೆ ನಡೆದು ಬರುವ ಕೆಲಸವೂ ಆಗುತ್ತದೆ. ಈ ಟ್ರೇಲರಿನ ಸೀಲು ಒಂದೇ ತುಟಿಯದು. ಎರಡು ತುಟಿಯದು ಹಾಕಿಸಿ.

ನೀರು ಹೋಗಿದೆಯೋ ಇಲ್ಲವೋ ನೋಡಲು ಮುಚ್ಚಳ ತಟ್ಟಿ ತೆಗೆದು ಬೆರಳಿಂದ ಗ್ರೀಸ್ ಎತ್ತಿ. ಒಳ್ಳೆಯ ಗ್ರೀಸು ಬೆರಳುಗಳ ನಡುವೆ ಎಳೆಯಾಗಿ ನಿಲ್ಲುತ್ತದೆ, ಹಾಕಿದ ಬಣ್ಣದಲ್ಲೇ ಇರುತ್ತದೆ. ನೀರು ಬೆರೆತದ್ದು ಕಡೆದ ಮಜ್ಜಿಗೆಯಂತೆ ಬಿಳಿಚಿ ನೊರೆಯಾಗಿರುತ್ತದೆ. ಹಾಗಿದ್ದರೆ ಎರಡೂ ಬೇರಿಂಗ್ ತೆಗೆದು ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ, ಅಂಗೈಯಲ್ಲಿ ಹೊಸ ಗ್ರೀಸಿಟ್ಟು ಬೇರಿಂಗಿನ ಅಗಲ ಬಾಯಿಯನ್ನು ಒತ್ತಿ ಒತ್ತಿ ಇನ್ನೊಂದು ಬದಿಯಿಂದ ಗ್ರೀಸು ಹೊರಬರುವವರೆಗೆ ತುಂಬಿಸಿ. ಹಳೆಯ ಗ್ರೀಸೊಂದು ಜಾತಿ, ಹೊಸದೊಂದು ಜಾತಿ ಬೆರೆಸಬೇಡಿ, ಕೆಲವು ಬೆರೆತರೆ ನೀರಾಗಿ ಇಳಿಯುತ್ತವೆ. ಕೂಡಿಸುವಾಗ ಗಾಲಿ ತಿರುಗಿಸುತ್ತ ನಟ್ಟು ಬಿಗಿ ಮಾಡಿ, ಕಾಲು ಸುತ್ತು ಹಿಂದೆ ಬಿಟ್ಟು, ಬರಿಗೈಯಿಂದ ಎಷ್ಟು ಬಿಗಿಯಾಗುತ್ತದೋ ಅಷ್ಟಕ್ಕೆ ತಂದು, ಹತ್ತಿರದ ಸೀಳಿಗೆ ಹೊಸ ಸ್ಪ್ಲಿಟ್ ಪಿನ್ನು ಹಾಕಿ. ಪಾನಾದಿಂದ ಎಳೆದು ಬಿಗಿದ ಹಬ್ಬು ಕಾದು ಬೇರಿಂಗ್ ನೀಲಿಗಟ್ಟುತ್ತದೆ.

ಹಳ್ಳದ ಬಗ್ಗೆಯೇ ಇನ್ನೊಂದು ಲೆಕ್ಕ. 6 ಅಡಿಗೆ 4 ಅಡಿಯ ಹಾಸೆಂದರೆ ಸುಮಾರು 2.2 ಚದರ ಮೀಟರ್. ಹಾಸಿನ ಮೇಲೆ ನೀರು 10 ಸೆಂ.ಮೀ. ಏರಿದರೆ ಪೆಟ್ಟಿಗೆ 220 ಲೀಟರ್ ನೀರನ್ನು ಸರಿಸುತ್ತದೆ. ಖಾಲಿ ಟ್ರೇಲರ್ 290 ಕೆ.ಜಿ., ಅಂದರೆ ಹಾಸಿನ ಮೇಲೆ ಗೇಣಿಗಿಂತ ಕಡಿಮೆ ನೀರು ಏರಿದರೇ ತೇಲಲು ಶುರು. ತೇಲಿದ ಟ್ರೇಲರನ್ನು ಹರಿವು ಬದಿಗೆ ತಳ್ಳುತ್ತದೆ, ಅದರ ಬೆನ್ನಿಗೆ ಬೊಲೆರೊ. ನೆಲದ ಪ್ಲೇಟಿನಲ್ಲಿ 20 ಮಿ.ಮೀ.ನ ಎಂಟು ತೂತು ಕೊರೆಸಿ, ನೀರು ಒಳಗೆ ಬಂದು ಹೋಗಲಿ. ಅದಕ್ಕಿಂತ ಮುಖ್ಯ, ಹರಿಯುವ ನೀರು ಮೊಣಕಾಲು ಮುಟ್ಟಿದರೆ ಟ್ರೇಲರ್ ಹೂಡಿಕೊಂಡು ಇಳಿಯಲೇಬೇಡಿ. ಗುಡ್ಡದ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ, ಎರಡು ತಾಸು ಕಾಯುವುದರಲ್ಲಿ ನಷ್ಟವಿಲ್ಲ.

ವೈರಿಂಗ್ ಕೆಲಸ ಒರಟು. ದೀಪಗಳ ಅರ್ಥಿಂಗನ್ನು ಕೊಂಡಿಯ ಕಬ್ಬಿಣದ ಮೂಲಕವೇ ಬಿಟ್ಟಿದ್ದಾರೆ, ಕೊಂಡಿ ಕುಲುಕಿದಂತೆಲ್ಲ ದೀಪ ಮಿಣುಕುತ್ತದೆ. ಏಳು ಪಿನ್ನಿನ ಸಾಕೆಟಿನಲ್ಲಿ ಬಿಳಿ ವೈರು ಅರ್ಥಿಂಗಿಗೆಂದೇ ಇದೆ, ಅದನ್ನು ಟ್ರೇಲರ್ ಚೌಕಟ್ಟಿಗೆ ಬೋಲ್ಟು ಹಾಕಿ ಕೊಡಿಸಿ. ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕು, ಕಪ್ಪು ಎಡ ಹಿಂದೀಪ, ಕಂದು ಬಲ ಹಿಂದೀಪ. ಹಿಂಬಾಗಿಲಿನ ಚಿಲಕವೂ ಕುಲುಕಿಗೆ ತಾನೇ ತೆರೆದುಕೊಳ್ಳುವಂಥದ್ದು, ಅಡ್ಡ ಪಿನ್ನು ಬೇಕು.

ಓಡಿಸುವಾಗ ಮೊದಲು ಹವಾ. ಡಾಂಬರಿನಲ್ಲಿ ಟ್ರೇಲರ್ ಟೈರಿಗೆ 30 ಪಿ.ಎಸ್.ಐ., ಕಲ್ಲು-ಕೆಸರಿಗೆ ಇಳಿದ ಮೇಲೆ 20ರಿಂದ 22, ವೇಗ 30 ಕಿ.ಮೀ. ಒಳಗೆ. 18ಕ್ಕಿಂತ ಇಳಿಸಿದರೆ ಟ್ಯೂಬ್‌ಲೆಸ್ ಟೈರು ರಿಮ್ಮಿನಿಂದ ಕಳಚಬಹುದು, ಟ್ಯೂಬಿನ ಟೈರಾದರೆ ರಿಮ್ಮಿನ ಮೇಲೆ ಜಾರಿ ವಾಲ್ವಿನ ಬುಡ ಕೀಳುತ್ತದೆ. 12 ವೋಲ್ಟಿನ ಕಂಪ್ರೆಸರ್ ಗಾಡಿಯಲ್ಲೇ ಇರಬೇಕು.

ದಾರಿಗೆ ಅಡ್ಡವಾಗಿ ನೀರು ಕೊರೆದ ಕೊರಕಲನ್ನು ದಾಟುವಾಗ ಬರೀ ಗಾಡಿಯಾದರೆ ಓರೆಯಾಗಿ ಇಳಿಸುವುದು ರೂಢಿ. ಟ್ರೇಲರ್ ಹೂಡಿದಾಗ ಆ ಓರೆ ಕೋನ ಕಡಿಮೆ ಮಾಡಿ. ತೀರಾ ಓರೆಯಾದರೆ ಟ್ರೇಲರಿನ ಒಂದೇ ಗಾಲಿ ಗುಂಡಿಗೆ ಬಿದ್ದು ಮಗುಚುವ ಅಪಾಯ. ಸಲಿಕೆಯಿಂದ ಎರಡೂ ದಡ ಕಡಿದು, ತಳಕ್ಕೆ ತಲೆಗಾತ್ರದ ಕಲ್ಲು ತುಂಬಿ, ಹೆಚ್ಚುಕಡಿಮೆ ನೇರ ದಾಟುವುದು ಮೇಲು. ಉದ್ದಕ್ಕೆ ಕೊರೆದ ಕೊರಕಲಾದರೆ ಎರಡು ಗಾಲಿಗಳ ನಡುವೆ ಬಿಟ್ಟುಕೊಂಡು ಹೋಗಿ. ತಿರುವಿನಲ್ಲಿ ಟ್ರೇಲರ್ ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ ಎಂಬುದು ನೆನಪಿರಲಿ, ಕೊರಕಲು ಒಳಬದಿಗಿದ್ದರೆ ಬೊಲೆರೊವನ್ನು ಹೊರಬದಿಗೆ ಒತ್ತಿ ಓಡಿಸಿ. ಕೆಳಗೆ ನಿಂತು ‘ಬರ್ಲಿ… ಬರ್ಲಿ… ನಿಂದ್ರಸ್ರಿ’ ಎನ್ನುವವರು ಒಬ್ಬರು ಬೇಕೇ ಬೇಕು, ಅವರ ಕಣ್ಣು ಟ್ರೇಲರಿನ ಗಾಲಿಯ ಮೇಲಿರಲಿ, ಗಾಡಿಯ ಮೇಲಲ್ಲ.

ಹಿಂದೆ ಬರುವುದು ಕಷ್ಟ. ಸ್ಟೇರಿಂಗಿನ ಕೆಳಭಾಗ ಹಿಡಿದುಕೊಂಡರೆ ಕೈ ಯಾವ ಕಡೆ ಸರಿಯುತ್ತದೋ ಟ್ರೇಲರ್ ಆ ಕಡೆಗೇ ಹೋಗುತ್ತದೆ. ಸಣ್ಣ ಟ್ರೇಲರ್ ಬೇಗ ಮಡಚಿಕೊಳ್ಳುವುದರಿಂದ ಗೇಣಷ್ಟೇ ತಿರುಗಿಸಿ, ನೇರ ಮಾಡಿ. ದಾರಿ ಕಿರಿದಾದರೆ ಕಳಚಿ ಕೈಯಿಂದ ತಿರುಗಿಸುವುದೇ ಸುಲಭ. ಅದಕ್ಕೆ ಮೂಕಿಯಲ್ಲಿ ಮಡಚುವ ಗಾಲಿಯೊಂದು ಹಾಕಿಸಿ. ಸಿಕ್ಕಿಬಿದ್ದಾಗಲೂ ಅದೇ ಕ್ರಮ: ಕಳಚಿ, ಗಾಡಿಯನ್ನು ಮೊದಲು ಗಟ್ಟಿ ನೆಲಕ್ಕೆ ತಂದು, ಅಲ್ಲಿಂದ ಹಗ್ಗ ಹಾಕಿ ಟ್ರೇಲರನ್ನು ಜಗ್ಗಿ. ಇಳಿಜಾರಿನಲ್ಲಿ ಲೋ ರೇಂಜ್ ಒಂದನೇ ಗೇರು, ತಿರುವಿನ ನಡುವೆ ಬ್ರೇಕ್ ಒತ್ತಬೇಡಿ. ತಳ್ಳುವ ಟ್ರೇಲರ್ ಹಿಂಭಾಗವನ್ನು ಬದಿಗೆ ಸರಿಸುತ್ತದೆ.

ಎರೆ ಮಣ್ಣಿಗೆ ಈ ಟ್ರೇಲರ್ ಆಗುವುದಿಲ್ಲ, ಯಾವ ಟ್ರೇಲರೂ ಆಗುವುದಿಲ್ಲ. ನವಲಗುಂದ, ರೋಣದ ಹಸಿ ಎರೆಯಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದನ್ನೇ ಬಿಡುತ್ತದೆ, ಟ್ರೇಲರ್ ಕೊರಡಿನಂತೆ ಎಳೆದುಕೊಂಡು ಬರುತ್ತದೆ. ಬಿಸಿಲು ಬಿದ್ದು ಮೇಲ್ಪದರ ಒಡೆಯುವವರೆಗೆ ಕಾಯಿರಿ.

ಕಾಗದಪತ್ರ: ಟ್ರೇಲರ್‌ಗೆ ಬೇರೆ ನೋಂದಣಿ ಬೇಕು, ಎಳೆಯುವ ಗಾಡಿಯ ನಂಬರು ಅದರ ಹಿಂದೆ ಕಾಣುವಂತಿರಬೇಕು. ಶಾಪಿನವರು ನೋಂದಣಿಗೆ ಬೇಕಾದ ಕಾಗದ ಕೊಡುತ್ತಾರೋ ಇಲ್ಲವೋ ಮುಂಗಡ ಕೊಡುವ ಮೊದಲೇ ಕೇಳಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಬರಹದ ಅನುಮತಿ ಇಲ್ಲದೆ ಒಳಗಿನ ದಾರಿಗೆ ಇಳಿಯುವಂತಿಲ್ಲ. ಕಲಘಟಗಿ, ಹಾನಗಲ್ ಕಡೆಯ ಮೀಸಲು ಅರಣ್ಯಕ್ಕೂ ವಲಯ ಕಚೇರಿಯಲ್ಲಿ ಕೇಳಿಯೇ ಹೋಗಬೇಕು. ಅನುಮತಿ ಇದ್ದರೂ ಹಸಿ ದಾರಿಯಲ್ಲಿ ಗಾಲಿ ಮೂಡಿಸಿದ ಜಾಡೇ ಮುಂದಿನ ಮಳೆಗೆ ನೀರಿನ ಕಾಲುವೆಯಾಗುತ್ತದೆ, ದೊಡ್ಡ ಮಳೆಯ ಮರುದಿನ ಹೋಗದಿದ್ದರೆ ದಾರಿ ಉಳಿಯುತ್ತದೆ.

ಶಾಪಿನಿಂದ ಟ್ರೇಲರ್ ತರುವ ದಿನ ನೋಡಬೇಕಾದದ್ದು ಇಷ್ಟು: ಒಂದೊಂದು ಗಾಲಿಯ ನಡುಬಿಂದುವಿನಿಂದಲೂ ಕೊಂಡಿಯ ಕಣ್ಣಿಗೆ ಹಗ್ಗ ಹಿಡಿದು ಎರಡೂ ಬದಿ ಒಂದೇ ಉದ್ದ ಇದೆಯೇ, ಗಾಲಿ ಎತ್ತಿ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತದೆಯೇ, ಅಚ್ಚಿನ ಮೇಲೆ ಎಲ್ಲಾದರೂ ಬೆಸುಗೆಯ ಗುರುತಿದೆಯೇ. ಅಚ್ಚಿಗೆ ಬೆಸುಗೆ ಬಿದ್ದಿದ್ದರೆ ತೆಗೆದುಕೊಳ್ಳಬೇಡಿ. ಮೂಕಿಯ ಬುಡಕ್ಕೆ ಮಾತ್ರ ಮೊದಲ ತಿಂಗಳು ಪೇಂಟು ಹಚ್ಚಿಸದೆ ಬರೀ ತಿಳಿಬಣ್ಣದ ಪ್ರೈಮರಿನಲ್ಲೇ ಇರಲಿ. ತಿಳಿಬಣ್ಣದ ಪ್ರೈಮರಿನ ಮೇಲೆ ಬಿರುಕಿನ ಕಂದು ಗೆರೆ ಬೇಗ ಕಾಣುತ್ತದೆ.